ದೊರೆಯ ಹಲಗೆಪಟ್ಟು

ಕೊಡಗಲ್ಲಿನ ದೊರೆ ತಿಪ್ಪನಾಯಕನಿಗೆ ಹಲಗೆಪಟ್ಟಿನ ಹುಚ್ಚು ಹಿಡಿದಿತ್ತು. ಮೊಣಕೈ ಊರಿ, ಕಾಲ್ಬೆರಳ ಮೇಲೆ ಭಾರ ಬಿಟ್ಟು, ಮೈಯನ್ನು ಹಲಗೆಯ ಹಾಗೆ ನೆಟ್ಟಗೆ ಹಿಡಿಯುವ ಗರಡಿಯ ಪಟ್ಟು ಅದು. ತನ್ನಷ್ಟು ಸರಿಯಾಗಿ ಹಿಡಿಯುವವನು ಸೀಮೆಯಲ್ಲೇ ಇಲ್ಲ ಅಂತ ಮೀಸೆ ತಿರುವುತ್ತಿದ್ದ. ಮಲಗುವಾಗ ಮಾತ್ರ ಸೊಂಟಕ್ಕೆ ಬಿಸಿ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ.

ಪಟ್ಟು ಹಿಡಿದಾಗ ದೊರೆಯ ಸೊಂಟ ಗುಡಿಸಲಿನ ಹಾಗೆ ಮೇಲೇಳುತ್ತಿತ್ತು. ಅದನ್ನು ನೋಡಿ ಮಂತ್ರಿ, ದಳವಾಯಿ ಎಲ್ಲರೂ ಹಾಗೇ ಕಲಿತರು. ಬೆಳಗಾದರೆ ಗರಡಿ ತುಂಬ ಗುಡಿಸಲು.

ಉಸ್ತಾದ ಸಿದ್ಧಜಟ್ಟಿ ಮಾತು ಕಡಿಮೆಯವನು. ಒಂದು ದಿನ ತಡೆಯಲಾರದೆ ಅಂದುಬಿಟ್ಟ: "ಬುದ್ಧಿ, ಸೊಂಟ ಇಳೀಬೇಕು."

ದೊರೆ ಕೆಂಡವಾದ. ಸಭೆಯನ್ನು ಕೇಳಿದ. ದೊರೆಗಳ ಬೆನ್ನು ನೂಲು ಹಿಡಿದಂತೆ ನೆಟ್ಟಗಿದೆ ಅಂದರು ಎಲ್ಲರೂ. ಸಂಜೆಯೊಳಗೆ ಸೀಮೆ ಬಿಡಬೇಕೆಂದು ಜಟ್ಟಿಗೆ ಅಪ್ಪಣೆಯಾಯಿತು.

ಜಟ್ಟಿ ಲಂಗೋಟಿ ಮಡಿಸಿ ಗಂಟು ಕಟ್ಟಿದ. ಕೂತುಬಿಟ್ಟ. ಗರಡಿಯ ಗೋಡೆಗೆ ಕೆಮ್ಮಣ್ಣು ಬಳಿದವಳು ಅವನ ಹೆಂಡತಿ. ಹೋದ ವರ್ಷ ತೀರಿಕೊಂಡಳು. ಬಾಗಿಲ ಪಕ್ಕ ಅವಳ ಅಂಗೈ ಗುರುತು ಇನ್ನೂ ಇತ್ತು. ಗೋಡೆಯನ್ನು ಗಂಟು ಕಟ್ಟಲು ಬರುವುದಿಲ್ಲ.

ಅಷ್ಟರಲ್ಲಿ ಪರವೂರಿಗೆ ಹೋಗಿದ್ದ ಆಸ್ಥಾನದ ಮಾತುಗಾರ ಕೆಂಚಪ್ಪ ಬಂದ. ಸಂಗತಿ ಕೇಳಿದ. ಗರಡಿ ಮಣ್ಣಿಗೆ ಹಿಂಡಲು ತಂದಿದ್ದ ನಿಂಬೆಹಣ್ಣುಗಳಲ್ಲಿ ಒಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ, ಸಭೆಯ ಸಮೇತ ದೊರೆಯನ್ನೇ ಗರಡಿಗೆ ಕರೆತಂದ. ಇನ್ನೊಮ್ಮೆ ಪಟ್ಟು ತೋರಿಸಿದರೆ ಜಟ್ಟಿ ನಾಚಿಕೊಂಡು ಹೋಗುತ್ತಾನೆ ಅಂತ ಬೇಡಿಕೊಂಡ. ದೊರೆ ಹಿಗ್ಗಿ ಪಟ್ಟು ಹಿಡಿದ.

ಕೆಂಚಪ್ಪ ದೊರೆಯ ಸೊಂಟದ ಮೇಲೆ ನಿಂಬೆಹಣ್ಣು ಇಟ್ಟ. ಅದು ಬೆನ್ನಿಳಿದು, ಕತ್ತು ದಾಟಿ, ಕಿವಿ ಸವರಿಕೊಂಡು ಮಣ್ಣಿಗೆ ಬಿತ್ತು. ಮತ್ತೆ ಇಟ್ಟ. ಮತ್ತೆ ಬಿತ್ತು.

ಗುಂಡಗಿರುವ ಹಣ್ಣು ಉರುಳದೆ ಏನು ಮಾಡೀತು ಅಂದ ಮಂತ್ರಿ. ಹೌದೆಂದ ಕೆಂಚಪ್ಪ, ಜಟ್ಟಿಗೂ ಪಟ್ಟು ಹಿಡಿಯಲು ಹೇಳಿ ಅದೇ ಹಣ್ಣನ್ನು ಇಟ್ಟ. ಜಟ್ಟಿ ನಿಧಾನ ಉಸಿರಾಡಿದ. ಹೊಟ್ಟೆ ಆಡಿತು, ಹಣ್ಣು ಅಲುಗಲಿಲ್ಲ.

ದೊರೆ ಎದ್ದು ಮಣ್ಣು ಕೊಡವಿಕೊಂಡ.

"ಏನೋ ಇದರ ಅರ್ಥ?" ಅಂದ ದೊರೆ.

ಕೆಂಚಪ್ಪ ಹಣ್ಣನ್ನು ಎರಡೂ ಕೈಯಲ್ಲಿ ನೀಡಿದ.

"ಇದನ್ನೂ ಗಡೀಪಾರು ಮಾಡಿಸಬೇಕು ಬುದ್ಧಿ. ಜಟ್ಟಿ ಹೇಳಿದ್ದನ್ನೇ ಹೇಳ್ತಾ ಇದೆ. ಇವೆರಡೂ ತೊಲಗಿದರೆ ನಿಮಗೆ ನಿಜ ಹೇಳೋಕೆ ಉಳಿಯೋದು ನಿಮ್ಮ ಸೊಂಟನೋವು ಒಂದೇ."

ದೊರೆ ಸೊಂಟ ಮುಟ್ಟಿ ನೋಡಿಕೊಂಡ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಜಟ್ಟಿಯ ಗಂಟನ್ನು ತಾನೇ ಬಿಚ್ಚಿ, ಲಂಗೋಟಿಯನ್ನು ಗೂಟಕ್ಕೆ ತೂಗುಹಾಕಿ, ಮಣ್ಣಿಗಿಳಿದು ಮೊಣಕೈ ಊರಿದ.

"ಇಳಿಸಯ್ಯ ನನ್ನ ಸೊಂಟ."

ಜಟ್ಟಿ ಅಂಗೈ ಇಟ್ಟು ಮೆಲ್ಲಗೆ ಒತ್ತಿದ. ಕೆಂಚಪ್ಪ ಇಟ್ಟ ಹಣ್ಣು ಈ ಸಲ ನಿಂತಿತು.

ದೊರೆಯ ಹಿಂದೆಯೇ ಪಟ್ಟು ಹಿಡಿದ ಮಂತ್ರಿ, ದಳವಾಯಿ ಎಲ್ಲರ ಸೊಂಟವೂ ತಾನಾಗೇ ಇಳಿಯಿತು.