ದೂರದ ಯುದ್ಧ, ಪಕ್ಕದ ಅಂಗಡಿ

"ಗುರುಗಳೇ, ದೇಶ ದೇಶಗಳು ಬಡಿದಾಡುತ್ತಿವೆ. ಸರ್ಕಾರಗಳು ಏಳುತ್ತವೆ, ಬೀಳುತ್ತವೆ. ಮನುಷ್ಯನ ಕೆಲಸವನ್ನೆಲ್ಲ ಯಂತ್ರಗಳು ಮಾಡತೊಡಗಿವೆ. ಇವುಗಳಲ್ಲಿ ತಿಳಿದವನು ಯಾವ ಪಕ್ಷದಲ್ಲಿ ನಿಲ್ಲಬೇಕು?" ಎಂದು ಅಡವೀಶನೆಂಬ ಶಿಷ್ಯ ಕೇಳಿದ. ಅಂದು ಬೆಳಿಗ್ಗೆ ಅವನು ಇದೇ ವಿಷಯಕ್ಕೆ ಜೊತೆಗಾರನೊಬ್ಬನ ಮೇಲೆ ಮುನಿಸಿಕೊಂಡು ಬಂದಿದ್ದ.

ಗುರುಗಳು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಅವನ ಅಂಗಡಿಗೆ ಅಂಟಿಕೊಂಡೇ ಒಬ್ಬ ಬೆಲ್ಲದ ವ್ಯಾಪಾರಿಯ ಅಂಗಡಿಯಿತ್ತು. ಇಬ್ಬರೂ ಎಳೆಯ ವಯಸ್ಸಿನಿಂದ ಗೆಳೆಯರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ನಡುವಿನ ಕಟ್ಟೆಯ ಮೇಲೆ ಕೂತು, ಒಂದು ಚಹಾವನ್ನು ಎರಡು ಲೋಟ ಮಾಡಿಕೊಂಡು ಲೋಕದ ಸುದ್ದಿ ಮಾತಾಡುತ್ತಿದ್ದರು. ಬಟ್ಟೆ ವ್ಯಾಪಾರಿಗೆ ಯಾವ ಸರ್ಕಾರದ ಮೇಲೂ ನಂಬಿಕೆಯಿರಲಿಲ್ಲ. ಹೊಸ ಯಂತ್ರಗಳು ಮನುಷ್ಯನನ್ನು ಕೆಡಿಸುತ್ತವೆ ಎನ್ನುತ್ತಿದ್ದ. ಬೆಲ್ಲದವನದು ಅದಕ್ಕೆ ತದ್ವಿರುದ್ಧ. ಆದರೂ ಲೋಟ ಖಾಲಿಯಾದಾಗ ವಾದವೂ ಮುಗಿಯುತ್ತಿತ್ತು.

ಹೀಗಿರುವಾಗ ದೂರದ ಎರಡು ದೇಶಗಳ ನಡುವೆ ಯುದ್ಧ ಶುರುವಾಯಿತು. ಇವರಿಬ್ಬರೂ ಆ ದೇಶಗಳನ್ನು ಕಂಡವರಲ್ಲ. ದಿನವೂ ಫೋನಿನಲ್ಲಿ ಸುದ್ದಿ ನೋಡಿ ಒಬ್ಬ ಒಂದರ ಪಕ್ಷ ಹಿಡಿದ, ಇನ್ನೊಬ್ಬ ಇನ್ನೊಂದರ ಪಕ್ಷ ಹಿಡಿದ. ಒಂದು ಸಂತೆಯ ದಿನ ಮಾತು ಏರಿತು. ಅಂಥ ದೇಶದ ಪರವಾಗಿ ಮಾತಾಡುವವನು ಮನುಷ್ಯನೇ ಅಲ್ಲ ಎಂದು ಬಟ್ಟೆ ವ್ಯಾಪಾರಿ ಗಿರಾಕಿಗಳ ಎದುರಿಗೇ ಅಂದುಬಿಟ್ಟ. ಬೆಲ್ಲದವನು ಲೋಟ ಕೆಳಗಿಟ್ಟು ತನ್ನ ಅಂಗಡಿಯೊಳಕ್ಕೆ ಹೋದ.

ಮರುದಿನದಿಂದ ಕಟ್ಟೆಯ ಮೇಲೆ ಯಾರೂ ಕೂರಲಿಲ್ಲ. ಬಟ್ಟೆ ವ್ಯಾಪಾರಿ ಆ ಬದಿಗೆ ಸೀರೆಗಳನ್ನು ಇಳಿಬಿಟ್ಟು ಮರೆ ಮಾಡಿದ. ಒಬ್ಬನೇ ಕುಡಿದ ಚಹಾ ಅವನಿಗೆ ರುಚಿಸಲಿಲ್ಲ. ಆದರೆ ಸೀರೆಗಳನ್ನು ಸರಿಸಲು ಮನಸ್ಸೂ ಬರಲಿಲ್ಲ.

ಆ ವರ್ಷ ಅವನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಚಿಕ್ಕಂದಿನಲ್ಲಿ ಬೆಲ್ಲದ ಅಂಗಡಿಯಲ್ಲೇ ಆಡಿ ಬೆಳೆದವಳು. ಬೆಲ್ಲದ ಮಾಮ ಯಾಕೆ ನನ್ನನ್ನು ನೋಡಲು ಬರಲಿಲ್ಲ ಎಂದು ಕೇಳಿದಳು. ತಂದೆ ಮಾತು ಮರೆಸಿದ. ದಿನ ತುಂಬಲು ಇನ್ನೂ ಸಮಯವಿದೆಯೆಂದು ಸರಕು ತರಲು ಪರವೂರಿಗೆ ಹೋದ.

ಅಲ್ಲಿರುವಾಗ ಹೆಂಡತಿಯ ಫೋನು ಬಂತು. ಮಗಳಿಗೆ ಇದ್ದಕ್ಕಿದ್ದಂತೆ ರಕ್ತ ಹೋಗತೊಡಗಿತ್ತು. ಆಂಬುಲೆನ್ಸ್ ಬೇರೆ ಊರಿಗೆ ಹೋಗಿತ್ತು. ಹೇಗೋ ಒಂದು ಗಾಡಿ ಸಿಕ್ಕಿ ಸರ್ಕಾರಿ ಆಸ್ಪತ್ರೆಗೆ ಸೇರಿಸಿದ್ದಾಯಿತು ಎಂದಳು. ಯಾರ ಗಾಡಿಯೆಂದು ಅವಳು ಹೇಳಲಿಲ್ಲ. ಕೇಳಲು ಅವನಿಗೆ ತೋಚಲಿಲ್ಲ. ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಮಗಳ ಕೈಯನ್ನೇ ಹಿಡಿದಂತೆ ಫೋನನ್ನು ಗಟ್ಟಿಯಾಗಿ ಹಿಡಿದು ದಾರಿಯುದ್ದಕ್ಕೂ ನಿಂತೇ ಬಂದ.

ಆಸ್ಪತ್ರೆಯ ಅಂಗಳದಲ್ಲಿ ಬೆಲ್ಲ ಸಾಗಿಸುವ ಗಾಡಿ ನಿಂತಿತ್ತು. ಅದರಲ್ಲಿ ಗೋಣಿಚೀಲಗಳ ಮೇಲೆ ಹೊಸ ಕೌದಿ ಹಾಸಿತ್ತು. ಕೌದಿ ರಕ್ತದಲ್ಲಿ ನೆನೆದಿತ್ತು. ಬಟ್ಟೆ ವ್ಯಾಪಾರಿ ಗೋಡೆ ಹಿಡಿದುಕೊಂಡು ಒಳಗೆ ಹೋದ.

ಹೆರಿಗೆ ಕೋಣೆಯ ಬಾಗಿಲು ಮುಚ್ಚಿತ್ತು. ಎದುರಿನ ಬೆಂಚಿನ ಮೇಲೆ ಹೆಂಡತಿ ಕೂತಿದ್ದಳು. ಆಚೆ ತುದಿಯಲ್ಲಿ ಬೆಲ್ಲದವನು ಮೊಣಕೈಗೆ ಹತ್ತಿ ಒತ್ತಿಕೊಂಡು ಕೂತಿದ್ದ. ತಾನೇ ಅವನ ಅಂಗಡಿಗೆ ಓಡಿದೆನೆಂದು ಹೆಂಡತಿ ಹೇಳಿದಳು. ಅವನು ಹೇರಿದ್ದ ಬೆಲ್ಲವನ್ನು ಬೀದಿಯಲ್ಲೇ ಇಳಿಸಿ ಗಾಡಿ ತಂದಿದ್ದ. ಇಲ್ಲಿ ರಕ್ತ ಬೇಕೆಂದಾಗ ತನ್ನದನ್ನೇ ಕೊಟ್ಟಿದ್ದ.

ಅಲ್ಲಿಯವರೆಗೂ ತಡೆದಿದ್ದ ಅಳು ಆಗ ವ್ಯಾಪಾರಿಗೆ ಬಂತು. ಗೆಳೆಯನಿಗೆ ಕೈಮುಗಿದು, "ಜನರ ಎದುರಿಗೆ ನಿನ್ನನ್ನು ಮನುಷ್ಯನೇ ಅಲ್ಲ ಎಂದಿದ್ದೆ" ಎಂದ.

"ಆ ಯುದ್ಧದ ವಿಷಯದಲ್ಲಿ ನನ್ನ ಅಭಿಪ್ರಾಯ ಈಗಲೂ ಅದೇ" ಎಂದ ಬೆಲ್ಲದವನು. ಆಮೇಲೆ ಸ್ವಲ್ಪ ಸರಿದು ಜಾಗ ಮಾಡಿದ. "ಬಸ್ಸಿನಲ್ಲಿ ನಿಂತೇ ಬಂದಿರಬೇಕು ನೀನು. ಕೂತುಕೋ."

ವ್ಯಾಪಾರಿ ಕೂತ. ಒಳಗೆ ಯಾವುದೋ ಯಂತ್ರದ ಸದ್ದು ಕೇಳುತ್ತಿತ್ತು. ಅದು ಮಗುವಿನ ಎದೆಬಡಿತ ಎಂದು ಹೆಂಡತಿ ಹೇಳಿದಳು. ಅವನು ಆ ಸದ್ದಿಗೆ ಕಿವಿಗೊಟ್ಟ. ಪಕ್ಕದಲ್ಲಿದ್ದ ಗೆಳೆಯನಿಗೆ, ಸಂಕೋಚಪಡದೆ ಅವನ ಬಳಿ ಓಡಿದ ಹೆಂಡತಿಗೆ, ತಾನು ನಿತ್ಯ ಬೈಯುತ್ತಿದ್ದ ಸರ್ಕಾರದ ಈ ಬೆಂಚಿಗೆ, ಆ ಯಂತ್ರಕ್ಕೆ, ಯಾವುದನ್ನೂ ಬಿಡದೆ ಮನಸ್ಸಿನಲ್ಲೇ ನಮಸ್ಕರಿಸಿದ. ಅಷ್ಟರಲ್ಲಿ ಬಾಗಿಲು ತೆರೆಯಿತು. ನರ್ಸ್ ಹೊರಬಂದು ಕರೆದಳು. ಮೂವರೂ ಒಟ್ಟಿಗೇ ಎದ್ದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಅಡವೀಶ ಅಷ್ಟು ಹೊತ್ತೂ ತಡೆದಿಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದ. "ಹಾಗಾದರೆ ಗುರುಗಳೇ, ಆ ಯುದ್ಧದಲ್ಲಿ ನ್ಯಾಯ ಯಾವ ದೇಶದ ಕಡೆಗಿತ್ತು?"

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು: "ತಾಯಿಯೂ ಮಗುವೂ ಕ್ಷೇಮವಾಗಿದ್ದರು, ಅದನ್ನು ನೀನು ಕೇಳಲೇ ಇಲ್ಲ."