ಗುರುತಿಲ್ಲದ ಹಲಗೆ

ಶಿಷ್ಯನೊಬ್ಬ ಗುರುವನ್ನು ಕೇಳಿದ: "ನನ್ನ ಸಿಟ್ಟನ್ನು ಯಾರ ಕಣ್ಣಿಗೂ ಬೀಳದ ಹಾಗೆ ಮುಚ್ಚಿಟ್ಟಿದ್ದೇನೆ. ನಾಳೆಯಿಂದ ಮಕ್ಕಳಿಗೆ ಪಾಠ ಹೇಳಲು ಹೋಗುತ್ತೇನೆ. ಇಷ್ಟು ಸಾಕಲ್ಲವೇ?"

ಗುರು ಗೋಡೆಗೆ ಒರಗಿ ಕುಳಿತು ಹೇಳಿದರು:

ಈ ಕಾವಿ ಉಡುವ ಮೊದಲು ನಾನು ಗಾರೆ ಮೇಸ್ತ್ರಿ. ಎಂಥ ಮೇಸ್ತ್ರಿ ಎಂದರೆ, ನಾನು ಕಟ್ಟಿದ ಗೋಡೆಯನ್ನು ನೋಡಿ ನೇರ ಅಳೆಯುವ ತೂಗುಗುಂಡೇ ತನ್ನನ್ನು ನೆಟ್ಟಗೆ ಮಾಡಿಕೊಳ್ಳುತ್ತಿತ್ತು. ಇದರಲ್ಲಿ ಸುಳ್ಳು ಕಾಲುಪಾಲು ಮಾತ್ರ.

ಒಂದು ಛತ್ರ ಕಟ್ಟುತ್ತಿದ್ದೆವು. ತಾರಸಿಯಲ್ಲಿ ಬೆಳಕಿಗೆಂದು ಒಂದು ಕಂಡಿ ಬಿಟ್ಟಿದ್ದೆವು, ಒಬ್ಬ ಆಳು ಸಲೀಸಾಗಿ ಇಳಿಯುವಷ್ಟು. ಅದು ಬಾಯಿ ತೆರೆದುಕೊಂಡು ಇದ್ದಷ್ಟು ದಿನ ಎಲ್ಲರೂ ಸುತ್ತು ಹಾಕಿ ನಡೆದರು. ಯಜಮಾನರು ನೋಡಲು ಬರುವ ದಿನ ನಾನು ಅದರ ಮೇಲೆ ಉದ್ದನೆಯ, ಅಗಲವಾದ ಹಲಗೆಯೊಂದನ್ನು ಹಾಸಿದೆ. ತಾರಸಿ ಅಚ್ಚುಕಟ್ಟಾಗಿ ಕಂಡಿತು. ಯಜಮಾನರು ಹೊಗಳಿದರು, ನಾನು ಊದಿಕೊಂಡೆ.

ಗಾರೆ ಹೊರುವ ದುರುಗಮ್ಮ ಮಾತ್ರ, ಹಲಗೆಗೆ ಮೊಳೆ ಹೊಡೆದು ಮೇಲೆ ಬಣ್ಣದಲ್ಲಿ ಬರೆಸಿ ಎಂದಳು. ಈ ತಾರಸಿಯ ಒಂದೊಂದು ಅಂಗುಲವೂ ನನಗೆ ಬಾಯಿಪಾಠ, ಮೊಳೆ ದಂಡ ಎಂದೆ.

ಹದಿನೈದು ದಿನ ಕಳೆಯಿತು. ಗಾರೆ ಕಲಸಲು ಒಂದು ಹಲಗೆ ಬೇಕಾಯಿತು. ಕಣ್ಣೆದುರಿಗೇ ಒಂದು ಬಿದ್ದಿತ್ತು. ಎರಡೂ ಕೈಯಲ್ಲಿ ಅಡ್ಡಲಾಗಿ ಎತ್ತಿ ಎದೆಗೆ ಹಿಡಿದೆ. ಕಾಲ ಬುಡ ಕಾಣಲಿಲ್ಲ. ಒಂದು ಹೆಜ್ಜೆ ಮುಂದಿಟ್ಟೆ. ನೆಲ ಇರಲಿಲ್ಲ.

ಪುಣ್ಯಕ್ಕೆ ಹಲಗೆಯ ಎರಡು ತುದಿಗಳು ಕಂಡಿಯ ಅಂಚಿಗೆ ಸಿಕ್ಕಿಕೊಂಡವು. ಕಂಕುಳಲ್ಲಿ ಹಲಗೆ, ಕೆಳಗೆ ಎರಡಾಳೆತ್ತರದ ಬಯಲು, ನಡುವೆ ಮಹಾಮೇಸ್ತ್ರಿ. ದುರುಗಮ್ಮ ಬಂದು ಬಗ್ಗಿ ನೋಡಿದಳು.

"ಮೇಸ್ತ್ರಿಯಣ್ಣಾ, ಅಂಗುಲ ಅಂಗುಲವೂ ಬಾಯಿಪಾಠ ಅಂದಿದ್ರಿ. ಈ ಎರಡು ಮೊಳ ಯಾವಾಗ ಮರೆತ್ರಿ?"

ಕೇಳಿ ಮುಗಿಸಿದ ಮೇಲೆಯೇ ನಾಲ್ವರನ್ನು ಕರೆದು ನನ್ನನ್ನು ಮೇಲಕ್ಕೆ ಎಳೆಸಿದಳು.

ಅಂದೇ ಹಲಗೆಗೆ ಮೊಳೆ ಹೊಡೆದೆವು. 'ಕೆಳಗೆ ಕಂಡಿ ಇದೆ' ಎಂದು ಕೆಂಪು ಬಣ್ಣದಲ್ಲಿ ನಾನೇ ಬರೆದೆ. ಓದು ಬಾರದವರಿಗೆ ದುರುಗಮ್ಮ ಕೈಹಿಡಿದು ತೋರಿಸಿದಳು. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕುಳಿತು ರೊಟ್ಟಿ ತಿಂದೆವು. ಅಷ್ಟು ರುಚಿಯಾದ ರೊಟ್ಟಿ ಮೂರು ಲೋಕದಲ್ಲೂ ಇಲ್ಲ. ಎರಡರಲ್ಲಿ ನಾನು ವಿಚಾರಿಸಿದ್ದೇನೆ.

ಶಿಷ್ಯ ನಕ್ಕ. "ನೀವು ಮರೆತಿರಿ, ಗುರುಗಳೇ. ನನ್ನ ಸಿಟ್ಟು ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತು" ಎಂದ.

ಗುರು ಹೇಳಿದರು: "ಆ ಹಲಗೆ ಹಾಸಿದವನೂ ನಾನೇ ಕಣಪ್ಪ."