ಕಿರುದ್ವೀಪಕ್ಕೆ ಬಂದ ದಾರಿ

ಸೀರೆ ನೇಯುವ ವಾರಿಜಾಳ ಮೈಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಅವಳದೇ ಬಿಳಿ ರಕ್ತಕಣಗಳು ಬಾಲ್ಯದಲ್ಲೇ ಕೊಂದುಹಾಕಿದ್ದವು. ಆದ್ದರಿಂದ ವೈದ್ಯರು, ತೀರಿಕೊಂಡವರೊಬ್ಬರು ದಾನ ಮಾಡಿದ ಅಂಥ ಕೋಶಗಳ ಪುಟ್ಟ ಗುಂಪುಗಳನ್ನು ತಂದು ಅವಳ ಯಕೃತ್ತಿನೊಳಗೆ ಇಳಿಸಿದರು. ಅವುಗಳಿಗೆ ಕಿರುದ್ವೀಪಗಳೆಂದು ಹೆಸರು. ಅವುಗಳಲ್ಲೊಂದು ಭಯದಿಂದ ಮೂಲೆಯಲ್ಲಿ ಮುದುಡಿ ಕೂತಿತು.

ಅವುಗಳ ನೆರವಿಗೆಂದು ವೈದ್ಯರು ಜೊತೆಯಲ್ಲೇ ಇಳಿಸಿದ್ದ ಕಾಂಡಕೋಶ, ಅಂದರೆ ಸ್ಟೆಮ್ ಸೆಲ್, ಹತ್ತಿರ ಸರಿದು, "ತಂಗಿ, ನಿನಗೆ ಉಸಿರು ಸಾಲದು. ರಕ್ತನಾಳವೊಂದನ್ನು ನಿನ್ನ ಬಾಗಿಲ ತನಕ ತರಿಸುತ್ತೇನೆ" ಎಂದಿತು.

"ಬೇಡ ಅಕ್ಕಾ! ಆ ದಾರಿಯಲ್ಲೇ ಬಿಳಿಯ ಕಾವಲುಗಾರರು ಬರುತ್ತಾರೆ. ನಾನು ಹೊರಗಿನವಳೆಂದು ಗೊತ್ತಾದರೆ ಜೀವಸಹಿತ ಬಿಡುತ್ತಾರೆಯೆ?"

"ಬರುತ್ತಾರೆ, ಸುಳ್ಳು ಹೇಳಲಾರೆ. ಆದರೆ ದಾರಿಯೇ ಇಲ್ಲದಿದ್ದರೆ ಅವರು ಬರುವ ಮುಂಚೆಯೇ ಸಾಯುತ್ತೀಯೆ."

ಅಷ್ಟರಲ್ಲಿ ಪಕ್ಕದ ಕಿರುದ್ವೀಪ ಉಸಿರುಗಟ್ಟಿ ಸತ್ತುಹೋಯಿತು. ಅದನ್ನು ನೋಡಿ ಇದು ಕಣ್ಣು ಮುಚ್ಚಿಕೊಂಡು, "ಆಗಲಿ, ತರಿಸು" ಎಂದಿತು.

ನಾಳ ಬಂತು, ಉಸಿರು ಬಂತು; ಹಿಂದೆಯೇ ಕಾವಲುಗಾರನೂ ಬಂದ. ಕಿರುದ್ವೀಪದ ಮೈ ತಡವಿ, "ಯಾರಿವಳು? ನಮ್ಮವಳಲ್ಲ!" ಎಂದು ಗುಡುಗಿದ.

ಕಾಂಡಕೋಶ ನಡುವೆ ನಿಂತು, "ಸಿಟ್ಟು ತಾಳಿಕೊ ಅಣ್ಣಾ. ಇವಳು ಕಸಿದುಕೊಳ್ಳಲು ಬಂದವಳಲ್ಲ, ದುಡಿಯಲು ಬಂದವಳು" ಎಂದು ಮೆಲ್ಲಗೆ ಹೇಳಿತು.

ಕಾವಲುಗಾರ ಕಿರುದ್ವೀಪದ ಮೈಯನ್ನು ಇನ್ನೊಮ್ಮೆ ತಡವಿ ನೋಡಿದ. ಕೊನೆಗೆ, "ಇವತ್ತಿಗೆ ಬಿಟ್ಟಿದ್ದೇನೆ. ನಾಳೆ ಮತ್ತೆ ಬರುತ್ತೇನೆ" ಎಂದು ಮುಂದೆ ಹೋದ.

ಅದೇ ಹೊತ್ತಿಗೆ ವಾರಿಜಾ ಊಟಕ್ಕೆ ಕೂತಳು. ನಾಳದಲ್ಲಿ ಸಕ್ಕರೆ ಏರುತ್ತಾ ಬಂತು. ಕಿರುದ್ವೀಪದ ಭಯ ಹೋಗಿರಲಿಲ್ಲ. ಆದರೂ ಅದು ತನ್ನ ಮೊದಲ ಹನಿ ಇನ್ಸುಲಿನ್ನನ್ನು ಅವಳ ರಕ್ತಕ್ಕೆ ಬಿಟ್ಟಿತು.